ಟೇಬಲ್ ಎರಡರಲ್ಲಿ ಕಾಣೆಯಾದ ಮೂವರು

ಜಯನಗರ 4ನೇ ‘ಟಿ’ ಬ್ಲಾಕ್‌ನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. 1996ರಲ್ಲಿ ಅದು ಶುರುವಾದಾಗಿನಿಂದ ರಾಜ್ಯದ ನೂರಾರು ಕಾಲೇಜುಗಳ ಡಿಸರ್ಟೇಶನ್‌ಗಳು ಈ ದಿಕ್ಕಿಗೇ ಮುಖ ಮಾಡಿವೆ. ಸಿನಾಪ್ಸಿಸ್, ಗೈಡ್, ಎಥಿಕ್ಸ್ ಕಮಿಟಿ ಎಂಬ ಮಾತುಗಳು ಇಲ್ಲಿನ ಕಾಫಿ ಹೋಟೆಲುಗಳಲ್ಲಿ ಬೆಲೆ ಏರಿಕೆಯಷ್ಟೇ ಸಹಜವಾಗಿ ಕಿವಿಗೆ ಬೀಳುತ್ತವೆ.

ಕೆಳಗೆ ಮಾತಾಡುವ ಇಬ್ಬರಲ್ಲಿ ಒಬ್ಬರು ಈ ಬಡಾವಣೆಯವರೇ. ವಿಜ್ಞಾನ ಜರ್ನಲ್‌ಗಳ ಕಾಪಿ ಎಡಿಟರ್ ಆಗಿ ದುಡಿದು ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮುಗಿಸಿ ಬಿಟಿಎಂ ಲೇಔಟ್‌ನ ಪಿಜಿಯಲ್ಲಿದ್ದಾಳೆ. ಓದಿದ್ದು ಮೇಲೆ ಹೇಳಿದ ವಿಶ್ವವಿದ್ಯಾಲಯದಲ್ಲಲ್ಲ, ಒಂದು ಡೀಮ್ಡ್ ವಿಶ್ವವಿದ್ಯಾಲಯದಲ್ಲಿ. ಬಿ.ಪಿ. ಮಾತ್ರೆಯನ್ನು ಜನ ನಡುವೆ ಯಾಕೆ ಬಿಟ್ಟುಬಿಡುತ್ತಾರೆ ಎನ್ನುವುದು ಅವಳ ವಿಷಯ. ನೂರು ಪುಟ ದಾಟಿದ ಡಿಸರ್ಟೇಶನ್ನನ್ನು ಮೂರು ಸಾವಿರ ಪದಕ್ಕೆ ಇಳಿಸಿ ಜರ್ನಲ್‌ಗೆ ಕಳಿಸಿದ್ದಳು. ಅದು ವಾಪಸ್ ಬಂದಿತ್ತು.

ಮಗಳು: ಎಡಿಟರ್ ಓದಲೇ ಇಲ್ಲ ದೊಡ್ಡಪ್ಪ. ಆಫೀಸಿನವರೇ ವಾಪಸ್ ಕಳಿಸಿದ್ದಾರೆ. ಅಬ್‌ಸ್ಟ್ರ್ಯಾಕ್ಟ್ 250 ಪದ ಮೀರಿದೆಯಂತೆ, ಸಾಲುಗಳಿಗೆ ನಂಬರ್ ಇಲ್ಲವಂತೆ, ಟೈಟಲ್ ಪೇಜ್ ಬೇರೆ ಫೈಲ್ ಆಗಿಲ್ಲವಂತೆ, ರೆಫರೆನ್ಸ್ ಅವರ ಶೈಲಿಯಲ್ಲಿಲ್ಲವಂತೆ.

ದೊಡ್ಡಪ್ಪ: ಇದೆಲ್ಲ ಅವರ ಸೂಚನೆಯಲ್ಲಿ ಇರಲಿಲ್ಲವೇನು?

ಮಗಳು: ಇತ್ತು. ಪುಟಗಟ್ಟಲೆ ಪಿಡಿಎಫ್.

ದೊಡ್ಡಪ್ಪ: ಮತ್ತೆ ಓದದೆ ಕಳಿಸಿದವಳು ನೀನು. ಅವರನ್ನ ಯಾಕೆ ಬೈತೀಯ?

ಮಗಳು: ಓದಿದೆ ದೊಡ್ಡಪ್ಪ, ಓದಿ ಸುಸ್ತಾಯ್ತು. ಅದರಲ್ಲಿ ವಿಜ್ಞಾನಕ್ಕೆ ಬೇಕಾದ್ದು ಎಷ್ಟು, ಅವರ ಅನುಕೂಲಕ್ಕೆ ಬೇಕಾದ್ದು ಎಷ್ಟು, ಅದನ್ನ ಹೇಳಿ. 2019ರಲ್ಲಿ ಪ್ಲಾಸ್ ಒನ್‌ನಲ್ಲಿ ಒಂದು ಸಮೀಕ್ಷೆ ಬಂತು. ಬರೀ ಫಾರ್ಮ್ಯಾಟಿಂಗ್‌ಗೆ ಒಂದು ಪೇಪರ್‌ಗೆ ಮೀಡಿಯನ್ 14 ಗಂಟೆ ಹೋಗುತ್ತೆ. ವರ್ಷಕ್ಕೆ ಒಬ್ಬರಿಗೆ 52 ಗಂಟೆ. ದುಡ್ಡಿನ ಲೆಕ್ಕಕ್ಕೆ ತಂದರೆ ಪೇಪರ್ ಒಂದಕ್ಕೆ 477 ಡಾಲರ್.

ದೊಡ್ಡಪ್ಪ: ಎಷ್ಟು ಜನರನ್ನ ಕೇಳಿದ್ದರು?

ಮಗಳು: 372.

ದೊಡ್ಡಪ್ಪ: ಗಂಟೆ ಅವರವರೇ ಹೇಳಿಕೊಂಡಿದ್ದು. ಫಾರ್ಮ್ಯಾಟಿಂಗ್ ಅಂದರೆ ಮೈ ಉರಿಯೋರೇ ಇಂಥ ಸಮೀಕ್ಷೆಗೆ ಮೊದಲು ಓಡಿಬರ್ತಾರೆ. ನಿನ್ನ ಎಂ.ಡಿ.ಯಲ್ಲಿ ಇದನ್ನ ಹೇಳಿಕೊಟ್ಟಿರಬೇಕಲ್ಲ.

ಮಗಳು: ಹೇಳಿಕೊಟ್ಟಿದ್ದಾರೆ. ಹಾಗಿದ್ದರೆ ಅರ್ಧ ಮಾಡಿ, ಏಳೇ ಗಂಟೆ ಅಂತ ಇಟ್ಕೊಳ್ಳಿ. ಏಳು ಗಂಟೆ ಒಪಿಡಿಯಲ್ಲಿ ಕೂತರೆ ಎಷ್ಟು ಜನರನ್ನ ನೋಡಬಹುದು ಗೊತ್ತಾ? ಅಲ್ಪವಿರಾಮ ತೆಗೆದು ಅರ್ಧವಿರಾಮ ಹಾಕೋಕೆ ನಾನು ಎಂಬಿಬಿಎಸ್ ಓದಲಿಲ್ಲ.

ದೊಡ್ಡಪ್ಪ: ನಾನು ಅದನ್ನೇ ಮಾಡಿ ಮನೆ ನಡೆಸಿದೆ ಕಣೇ. ಇರಲಿ. ನಿಮ್ಮ ರೆಫರೆನ್ಸ್ ಶೈಲಿಗೆ ವ್ಯಾಂಕೂವರ್ ಅಂತ ಹೆಸರು ಯಾಕೆ ಬಂತು?

ಮಗಳು: ಕೆನಡಾದ ಊರು, ಅಷ್ಟು ಗೊತ್ತು.

ದೊಡ್ಡಪ್ಪ: 1978ರಲ್ಲಿ ಕೆಲವು ಮೆಡಿಕಲ್ ಜರ್ನಲ್‌ಗಳ ಎಡಿಟರ್‌ಗಳು ಆ ಊರಲ್ಲಿ ಸೇರಿದರು. ಟೈಪ್‌ರೈಟರ್ ಕಾಲ. ಒಂದು ಜರ್ನಲ್ ಬೇಡ ಅಂದರೆ ಇನ್ನೊಂದಕ್ಕೆ ಕಳಿಸೋಕೆ ರೆಫರೆನ್ಸ್ ಪಟ್ಟಿಯನ್ನೆಲ್ಲ ಹೊಸದಾಗಿ ಕುಟ್ಟಬೇಕು. ಒಂದೇ ಥರದ ಹಸ್ತಪ್ರತಿಯನ್ನ ನಾವೆಲ್ಲರೂ ತಗೊಳ್ಳೋಣ ಅಂತ ಮಾತಾಡಿಕೊಂಡು ಮರುವರ್ಷ ನಿಯಮ ಪ್ರಕಟಿಸಿದರು. ನೀನು ಬೈತಾ ಇರೋ ನಿಯಮ ಹುಟ್ಟಿದ್ದೇ ನಿನ್ನಂಥವರ ಕೈನೋವು ಕಡಿಮೆ ಮಾಡೋಕೆ.

ಮಗಳು: ಒಳ್ಳೇ ಜನ. ಆ ಮಾತು ಈಗ ಎಲ್ಲಿ ಹೋಯ್ತು? ಒಂದು ಜರ್ನಲ್ ಆರು ಲೇಖಕರ ಹೆಸರು ಬರೆದು ಆಮೇಲೆ ‘ಎಟ್ ಆಲ್’ ಹಾಕು ಅನ್ನುತ್ತೆ. ಇನ್ನೊಂದು ಮೂರಕ್ಕೇ ನಿಲ್ಲಿಸು ಅನ್ನುತ್ತೆ. ಎರಡೂ ತಮ್ಮದು ವ್ಯಾಂಕೂವರ್ ಶೈಲಿ ಅಂತಲೇ ಬರೆದುಕೊಂಡಿವೆ.

ದೊಡ್ಡಪ್ಪ: ಅದು ಹಟ. ಪ್ರತಿ ಜರ್ನಲ್‌ಗೂ ತನ್ನದೊಂದು ಮುದ್ರೆ ಇರಬೇಕು ಅನ್ನೋ ಆಸೆ. ನಾನು ಅದನ್ನ ಸಮರ್ಥಿಸಲ್ಲ. ಆದರೂ ಜೊಟೆರೊ ಇದೆ, ಮೆಂಡೆಲಿ ಇದೆ, ಒಂದು ಗುಂಡಿ ಒತ್ತಿದರೆ ಶೈಲಿ ಬದಲಾಗುತ್ತೆ. ಅಷ್ಟಕ್ಕೆ ಇಷ್ಟು ಅಳ್ತೀಯಾ?

ಮಗಳು: ಗುಂಡಿ ಒತ್ತಿದರೆ ಆಗೋ ಕೆಲಸ ಅಂದಮೇಲೆ ಆ ಗುಂಡಿಯನ್ನ ಅವರೇ ಒತ್ತಿಕೊಳ್ಳಬಹುದಲ್ಲ! ಎಲ್ಸ್‌ವಿಯರ್‌ನಂಥ ದೊಡ್ಡ ಪ್ರಕಾಶಕರೇ ಹಲವು ಜರ್ನಲ್‌ಗಳಲ್ಲಿ, ಮೊದಲ ಸಲಕ್ಕೆ ನಿಮಗೆ ತೋಚಿದ ಹಾಗೆ ಕಳಿಸಿ, ಒಪ್ಪಿಗೆಯಾದರೆ ಆಮೇಲೆ ನೋಡೋಣ ಅಂತಾರೆ. ಅವರಿಗೆ ಸಾಧ್ಯವಾದ್ದು ಇವರಿಗೆ ಯಾಕಾಗಲ್ಲ?

ದೊಡ್ಡಪ್ಪ: ಆಮೇಲೆ ನೋಡೋರು ಯಾರು? ಲಂಡನ್, ನ್ಯೂಯಾರ್ಕ್ ವಿಳಾಸದ ಜರ್ನಲ್‌ಗಳ ಪುಟ ಎಲ್ಲಿ ಕಟ್ತಾರೆ ಗೊತ್ತಾ? ಬೆಂಗಳೂರಲ್ಲಿ, ಚೆನ್ನೈಯಲ್ಲಿ, ಪುದುಚೇರಿಯಲ್ಲಿ. ಪುಟಕ್ಕಿಷ್ಟು ಅಂತ ರೇಟು, ಸಂಜೆಯೊಳಗೆ ಇಷ್ಟು ಪುಟ ಅಂತ ಲೆಕ್ಕ. ನೀನು ಬಿಟ್ಟ ಕಸ ಗುಡಿಸೋನು ಯಾವನೋ ದೊರೆ ಅಲ್ಲ, ಬನಶಂಕರಿಯಿಂದ ಬಿಎಂಟಿಸಿ ಹತ್ತಿ ಶಿಫ್ಟ್‌ಗೆ ಹೋಗೋ ಹುಡುಗ.

ಮಗಳು: ಆ ಹುಡುಗನಿಗೆ ಸಂಬಳವಾದರೂ ಇದೆ. ನನಗೆ ಏನಿದೆ? ನೇಚರ್‌ನವರು 2020ರಲ್ಲಿ, ಪೇಪರ್ ಎಲ್ಲರಿಗೂ ಉಚಿತವಾಗಿ ಓದೋಕೆ ಸಿಗಬೇಕಾದರೆ ಲೇಖಕರು 9,500 ಯೂರೋ ಕೊಡಬೇಕು ಅಂತ ದರ ಹಾಕಿದರು. ಹಣ ಕೊಡದೆ ಪ್ರಕಟಿಸಿದರೆ ಓದುಗರು ಚಂದಾ ಕೊಡಬೇಕು. ಆ ಚಂದಾಕ್ಕೆ ನಮ್ಮ ಸರ್ಕಾರ ‘ಒಂದು ದೇಶ, ಒಂದು ಚಂದಾ’ ಅಂತ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದೆ. ಬರೆಯೋರು ನಾವು, ರಿವ್ಯೂ ಮಾಡೋರು ನಾವು, ದುಡ್ಡು ಕೊಡೋರೂ ನಾವು. ಸಾಲಿಗೆ ನಂಬರ್ ಹಾಕೋದನ್ನಾದರೂ ಅವರು ಮಾಡಬಾರದಾ?

ದೊಡ್ಡಪ್ಪ: ಸಾಲಿನ ನಂಬರ್‌ಗೆ ಅರ್ಥ ಇದೆ. ಬಿಟ್ಟಿ ಓದಿಕೊಡೋ ರಿವ್ಯೂವರ್ ‘148ನೇ ಸಾಲು ನೋಡಿ’ ಅಂತ ಬರೆದರೆ ನಿನಗೂ ಸಿಗಬೇಕು, ಎಡಿಟರ್‌ಗೂ ಸಿಗಬೇಕು. ವರ್ಡ್‌ನಲ್ಲಿ ಒಂದು ಕ್ಲಿಕ್ಕು. ಅದಕ್ಕೆ ಸರ್ಕಾರದ ಕೋಟಿ ಲೆಕ್ಕ ತರಬೇಡ.

ಮಗಳು: ಸರಿ, ಅದನ್ನ ಬಿಟ್ಟೆ. ಈ ‘ಲಾಸ್ಟ್ ನೇಮ್’ ಖಾನೆ ಇದೆಯಲ್ಲ, ಅದಕ್ಕೇನು ಅರ್ಥ? ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿಂದು, ಒಂದು ಅಪ್ಪನದು. ಖಾನೆ ಖಾಲಿ ಬಿಟ್ಟರೆ ವೆಬ್‌ಸೈಟ್ ಮುಂದಕ್ಕೇ ಹೋಗಲ್ಲ. ಅಪ್ಪನ ಹೆಸರು ಹಾಕಿದರೆ ಜನ್ಮವಿಡೀ ನನ್ನ ಪೇಪರನ್ನ ಅಪ್ಪನ ಹೆಸರಲ್ಲಿ ಉಲ್ಲೇಖ ಮಾಡ್ತಾರೆ. ಅಪ್ಪ ಎಲ್‌ಐಸಿ ಏಜೆಂಟು!

ದೊಡ್ಡಪ್ಪ: (ನಕ್ಕು) ಅವನು ಖುಷಿಪಡ್ತಾನೆ ಬಿಡು. ಇದು ನಿಜವಾದ ತೊಂದರೆ ಕಣೇ. ಮಾರ್ಜಿನ್‌ನಲ್ಲಿ ‘ಎಕ್ಯೂ 1’ ಅಂತ ಗುರುತು ಹಾಕಿ ‘ಲೇಖಕರು ದಯವಿಟ್ಟು ಕುಲನಾಮ ಯಾವುದೆಂದು ಖಚಿತಪಡಿಸಿ’ ಅಂತ ಎಷ್ಟು ಸಲ ಬರೆದಿದ್ದೀನೋ. ಲೇಖಕ ಮಂಡ್ಯದೋನು, ಕುಲನಾಮ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಕೇಳಲೇಬೇಕು, ನಿಯಮ. ಅವನು ಪಾಪ ತಾತನ ಹೆಸರನ್ನೋ ಊರಿನ ಹೆಸರನ್ನೋ ಬರೆದು ಕಳಿಸೋನು. ಮುಂದಿನ ಪೇಪರ್‌ನಲ್ಲಿ ಇನ್ನೊಂದು. ಒಬ್ಬನೇ ಮನುಷ್ಯ ಮೂರು ವಿಜ್ಞಾನಿಯಾಗಿ ಕೂತಿರೋನು.

ಮಗಳು: ನೀವೇ ಒಪ್ಪಿಕೊಂಡ್ರಿ.

ದೊಡ್ಡಪ್ಪ: ಒಪ್ಪಿಕೊಂಡೆ. 2012ರಲ್ಲಿ ಆರ್ಕಿಡ್ ನಂಬರ್ ಬಂತಲ್ಲ, ಒಬ್ಬೊಬ್ಬರಿಗೂ 16 ಅಂಕಿ, ಅದನ್ನ ಮಾಡಿಸಿಕೋ. ಎಲ್ಲ ಪೇಪರ್‌ನಲ್ಲೂ ಒಂದೇ ಥರ ಬರಿ. ನಿನ್ನ ಹೆಸರನ್ನೇ ಲಾಸ್ಟ್ ನೇಮ್ ಮಾಡು, ಇನಿಷಿಯಲ್‌ಗಳನ್ನ ಮೊದಲಿನ ಖಾನೆಗೆ ಹಾಕು. ನಮ್ಮ ಕಡೆಯ ಹಳಬರೆಲ್ಲ ಹಾಗೇ ಸುಧಾರಿಸಿಕೊಂಡರು.

ಮಗಳು: ಹಳಬರ ಮಾತು ಎತ್ತಿದಿರಿ, ಕೇಳಿ. 1928ರ ಮಾರ್ಚ್ 16ರಂದು ಇದೇ ಬೆಂಗಳೂರಲ್ಲಿ ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಭಾಷಣ ಮಾಡಿದರು, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ನಿನಲ್ಲಿ. ಆ ಭಾಷಣವೇ ಪೇಪರ್ ಆಗಿ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯ್ತು. ಅದರ ಪ್ರತಿಗಳನ್ನ ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಗೆ ಹಾಕಿಸಿದರು. ಎರಡೇ ವರ್ಷಕ್ಕೆ ನೊಬೆಲ್. ಯಾರಾದರೂ ಅವರ ಹತ್ತಿರ ಅಬ್‌ಸ್ಟ್ರ್ಯಾಕ್ಟ್ 250 ಪದ ಮೀರಿದೆ ಅಂದ್ರಾ?

ದೊಡ್ಡಪ್ಪ: ಆ ಜರ್ನಲ್ ಶುರು ಮಾಡಿದ್ದು ಯಾರು ಅಂತ ಹೇಳೋಕೆ ಮರೆತೆ. 1926ರಲ್ಲಿ, ರಾಮನ್ನೇ. ಸ್ವಂತ ಜರ್ನಲ್ ಇದ್ದೋರಿಗೆ ಫಾರ್ಮ್ಯಾಟ್ ಏನು ಲೆಕ್ಕ? ಬೆಂಗಳೂರಿಗೆ ಬಂದಮೇಲೆ 1934ರಲ್ಲಿ ಅಕಾಡೆಮಿ ಕಟ್ಟಿ, ಅದರ ಪ್ರೊಸೀಡಿಂಗ್ಸ್ ಅನ್ನೂ ಅದೇ ವರ್ಷ ಹೊರಡಿಸಿದರು. ಅಚ್ಚಿನ ಶಿಸ್ತು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು. 1928ರ ನೇಚರ್ ಪತ್ರ ನೋಡಿದ್ದೀಯಾ? ಕೃಷ್ಣನ್ ಜೊತೆ ಬರೆದಿದ್ದು. ಪುಟ್ಟ ಪತ್ರ. ಒಂದು ಮಾತು ಹೆಚ್ಚಿಲ್ಲ. ಜಾಗ ಇಷ್ಟೇ ಅಂತ ಇದ್ದರೆ ಏನನ್ನ ಹೇಳಬೇಕು ಅಂತ ತಲೆಗೆ ಹೊಳೆಯುತ್ತೆ.

ಮಗಳು: ಹಾಗಾದರೆ ನಮ್ಮ ಎಚ್‌ಒಡಿಗೂ ಒಂದು ಜರ್ನಲ್ ಶುರು ಮಾಡಿ ಅಂತ ಹೇಳ್ತೀನಿ.

ದೊಡ್ಡಪ್ಪ: ದಯವಿಟ್ಟು ಬೇಡ. ಹಾಗೆ ಶುರುವಾದವು ಬೇಕಾದಷ್ಟಿವೆ. 2018ರ ಮೇನಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್ ಕಿತ್ತುಹಾಕ್ತು. ತಾನೇ ಸೇರಿಸಿದ್ದು, ತಾನೇ ತೆಗೆದಿದ್ದು.

ಮಗಳು: ಬನ್ನಿ, ಈಗ ನಿಮ್ಮನ್ನ ಹಿಡಿದೆ. ಅಂಥ ಜರ್ನಲ್‌ಗಳ ಪೇಪರ್ ತೆಗೆದು ನೋಡಿ. ಫಾರ್ಮ್ಯಾಟ್ ಒಂದು ಕೂದಲೂ ಆಚೀಚೆ ಇರಲ್ಲ. ಅಬ್‌ಸ್ಟ್ರ್ಯಾಕ್ಟು, ಕೀವರ್ಡು, ರೆಫರೆನ್ಸು, ಗ್ರಾಫು ಎಲ್ಲ ಅಚ್ಚುಕಟ್ಟು. 2023ರಲ್ಲಿ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ 8,000ಕ್ಕೂ ಹೆಚ್ಚು ಪೇಪರ್ ವಾಪಸ್ ತೆಗೆಸಿದರು. ಅವೆಲ್ಲ ಫಾರ್ಮ್ಯಾಟ್ ಚೆಕ್ ದಾಟಿ ಬಂದವೇ ಅಲ್ವಾ? ಪ್ಲೇಜಿಯರಿಸಂ ಸಾಫ್ಟ್‌ವೇರ್ ಕಣ್ಣು ತಪ್ಪಿಸೋಕೆ ಬ್ರೆಸ್ಟ್ ಕ್ಯಾನ್ಸರ್ ಅನ್ನೋದನ್ನ ‘ಬೋಸಮ್ ಪೆರಿಲ್’ ಅಂತ ಬರೆದ ಮಹಾನುಭಾವರಿದ್ದಾರೆ. ಅಂಥವೂ ಅಚ್ಚಾಗಿ ಬಂದಿವೆ. ‘ಥೀಸಿಸ್ ಬರೆದುಕೊಡ್ತೀವಿ, ಫಾರ್ಮ್ಯಾಟ್ ಮಾಡ್ತೀವಿ, ಪಬ್ಲಿಷ್ ಮಾಡಿಸ್ತೀವಿ’ ಅಂತ ನನ್ನ ವಾಟ್ಸಾಪ್‌ಗೇ ಬರುತ್ತೆ. ಸುಳ್ಳು ಬರೆಯೋನಿಗೆ ಫಾರ್ಮ್ಯಾಟ್ ಕಷ್ಟವೇ ಅಲ್ಲ. ಕಷ್ಟ ನಿಜವಾಗಿ ಊರೂರು ಅಲೆದು ಡೇಟಾ ತಂದೋರಿಗೆ, ಅವರಿಗೆ ಟೈಮ್ ಇಲ್ಲ.

ದೊಡ್ಡಪ್ಪ: ಕಳ್ಳನೂ ಇಸ್ತ್ರಿ ಮಾಡಿದ ಅಂಗಿ ಹಾಕ್ತಾನೆ ಅಂತ ನಾವು ಮುದುರಿದ್ದು ಹಾಕಿಕೊಂಡು ಓಡಾಡೋದಾ?

ಮಗಳು: ಅಂಗಿ ನೋಡಿ ಒಳಗೆ ಬಿಡೋ ವಾಚ್‌ಮನ್ ಬೇಡ ಅಂತೀನಿ.

ಇಲ್ಲಿ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ಕಾಪಿ ಎಡಿಟರ್‌ಗಳಿಗೆ ತಮ್ಮ ಕೆಲಸವನ್ನು ಇಸ್ತ್ರಿ ಎಂದರೆ ಸಿಟ್ಟು ಬರುತ್ತದೆ. ಉಪಮೆ ಕೊಟ್ಟವರು ಅವರೇ ಆದ್ದರಿಂದ ಈ ಸಲ ತೋರಿಸಿಕೊಳ್ಳುವಂತಿರಲಿಲ್ಲ. ಲ್ಯಾಪ್‌ಟಾಪ್ ಈ ಕಡೆ ತಿರುಗಿಸು ಎಂದರು.

ದೊಡ್ಡಪ್ಪ: ಇಲ್ಲಿ ನೋಡು. ವಿಧಾನದ ಭಾಗದಲ್ಲಿ 212 ಜನರನ್ನ ಸೇರಿಸಿಕೊಂಡೆವು ಅಂದಿದ್ದೀಯ. ಟೇಬಲ್ 1ರಲ್ಲಿ ಗಂಡಸರು, ಹೆಂಗಸರು ಕೂಡಿದರೆ 212, ಸರಿ. ಟೇಬಲ್ 2ರಲ್ಲಿ ಮಾತ್ರೆ ಸರಿಯಾಗಿ ತಗೊಳ್ಳೋರು, ತಗೊಳ್ಳದೋರು ಕೂಡಿದರೆ 209. ಮೂರು ಜನ ಎಲ್ಲಿ?

ಮಗಳು: ಅವರು... ಎರಡನೇ ಸಲ ಬರಲಿಲ್ಲ. ಆ ಟೇಬಲ್‌ಗೆ ಫಾಲೋಅಪ್ ಬೇಕಾಗಿತ್ತು.

ದೊಡ್ಡಪ್ಪ: ಅದನ್ನ ಎಲ್ಲಿ ಬರೆದಿದ್ದೀಯ?

ಮಗಳು: ಡಿಸರ್ಟೇಶನ್‌ನಲ್ಲಿತ್ತು. ಪದ ಕಡಿಮೆ ಮಾಡುವಾಗ ಹೋಯ್ತು.

ದೊಡ್ಡಪ್ಪ: ಹಾಗಂದ್ರೆ ಟೇಬಲ್ 2ರ ಶೇಕಡಾವಾರು 212ರ ಮೇಲಾ, 209ರ ಮೇಲಾ? ಒಂದು ಸಾಲು ಹೀಗಿದೆ, ಇನ್ನೊಂದು ಹಾಗಿದೆ. ಕೂಡಿದರೆ ತೊಂಬತ್ತೊಂಬತ್ತೇ ಬರ್ತಾ ಇದೆ. ಇದು ಅಲ್ಪವಿರಾಮ ಅಲ್ಲ. 2007ರಲ್ಲಿ ನಿನ್ನಂಥ ಅಧ್ಯಯನಗಳಿಗೆ ಅಂತಲೇ ‘ಸ್ಟ್ರೋಬ್’ ಪಟ್ಟಿ ಮಾಡಿದರಲ್ಲ, 22 ಅಂಶ. ಹದಿಮೂರನೆಯದು ಏನು?

ಮಗಳು: ಯಾವ ಹಂತದಲ್ಲಿ ಎಷ್ಟು ಜನ ಇದ್ದರು, ಬಿಟ್ಟುಹೋದವರು ಯಾಕೆ ಬಿಟ್ಟರು.

ದೊಡ್ಡಪ್ಪ: ಕಾಪಿ ಎಡಿಟಿಂಗ್ ಅಂದರೆ ಇದೇ ಕಣೇ. ಟೇಬಲ್‌ನ ಕೆಳಗೆ ಪೆನ್ಸಿಲ್ ಹಿಡಿದು ಕೂಡೋದು. ಖಾನೆ ಮಾಡಿದ್ದಕ್ಕೇ ತಪ್ಪು ಕಾಣಿಸ್ತು. ನೀನು ಪ್ಯಾರಾದಲ್ಲಿ ಬರೆದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನೀತಿ ಸಮಿತಿಯ ಒಪ್ಪಿಗೆ ನಂಬರ್ ಕೊಡು, ಸಮ್ಮತಿ ಪತ್ರ ಯಾವ ಭಾಷೆಯಲ್ಲಿತ್ತು ಹೇಳು, ಔಷಧ ಪ್ರಯೋಗ ಆದರೆ ಸಿಟಿಆರ್‌ಐ ನೋಂದಣಿ ತೋರಿಸು ಅಂತಾರಲ್ಲ, ಅವೂ ಖಾನೆಗಳೇ. 2009ರ ಜೂನ್‌ವರೆಗೆ ಆ ನೋಂದಣಿ ಕಡ್ಡಾಯವೇ ಇರಲಿಲ್ಲ. ಖಾನೆ ಇಲ್ಲದಿದ್ದರೆ ಕೇಳೋರಿಲ್ಲ.

ಮಗಳು: ಈ ಖಾನೆಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ವಿಷಯ ಗಮನಿಸಿ ದೊಡ್ಡಪ್ಪ. ಜರ್ನಲ್ ಆಫೀಸಿನವರು ನಾಲ್ಕು ಆಕ್ಷೇಪಣೆ ಹಾಕಿದರು. ನಾಲ್ಕರಲ್ಲಿ ಈ ಮೂವರ ಸುದ್ದಿ ಇದೆಯಾ? ಇಲ್ಲ. ನನ್ನ ಗೈಡ್ ಡಿಸರ್ಟೇಶನ್ ಎರಡು ಸಲ ವಾಪಸ್ ಕೊಟ್ಟರು. ಒಂದು ಸಲ ಎಡಗಡೆ ಮಾರ್ಜಿನ್ ಒಂದೂವರೆ ಇಂಚು ಇಲ್ಲ ಅಂತ, ಇನ್ನೊಂದು ಸಲ ಅಧ್ಯಾಯದ ಹೆಸರು ಬೋಲ್ಡ್ ಆಗಿಲ್ಲ ಅಂತ. ಫಾರ್ಮ್ಯಾಟ್ ಅಂದಾಗ ಎಲ್ಲರ ಕಣ್ಣೂ ಹೋಗೋದು ಕಾಣೋದರ ಕಡೆಗೆ. ಟೇಬಲ್ ಕೂಡಿದವರು ನೀವೊಬ್ಬರೇ, ಅದೂ ನೀವು ದೊಡ್ಡಪ್ಪ ಆಗಿದ್ದಕ್ಕೆ.

ದೊಡ್ಡಪ್ಪ: ಅದು ಜನರ ಸೋಮಾರಿತನ, ಫಾರ್ಮ್ಯಾಟಿನ ತಪ್ಪಲ್ಲ.

ಮಗಳು: ಇಲ್ಲ, ಹದಿನಾಲ್ಕು ಗಂಟೆ ಬೋಲ್ಡು, ಇಟಾಲಿಕ್‌ಗೆ ಹೋದರೆ ಹದಿನೈದನೇ ಗಂಟೆಗೆ ಟೇಬಲ್ ಕೂಡೋ ಶಕ್ತಿ ಯಾರಿಗಿರುತ್ತೆ? ಜೊತೆಗೆ ಕಂಪ್ಯೂಟರ್ ಬೇರೆ ತಾನೇ ಬುದ್ಧಿವಂತಿಕೆ ತೋರಿಸುತ್ತೆ. ಸೆಪ್ಟ್2, ಮಾರ್ಚ್1 ಅಂತ ಮನುಷ್ಯರ ಜೀನ್‌ಗಳಿವೆ. ಎಕ್ಸೆಲ್ ಅವನ್ನ ತಾರೀಖು ಅಂದುಕೊಂಡು ಬದಲಾಯಿಸಿಬಿಡ್ತಿತ್ತು. 2016ರಲ್ಲಿ ನೋಡಿದರೆ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಪೇಪರ್‌ಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಈ ತಪ್ಪು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಸಾಫ್ಟ್‌ವೇರ್‌ಗಿಂತ ಮೊದಲು ವಿಜ್ಞಾನವೇ ಬದಲಾಯ್ತು!

ದೊಡ್ಡಪ್ಪ: ಒಳ್ಳೇ ಉದಾಹರಣೆ, ಆದರೆ ನನ್ನ ಕಡೆಗೆ ವಾಲುತ್ತೆ. ಯಾರಾದರೂ ಆ ಪಟ್ಟಿಯನ್ನ ಸಾಲುಸಾಲಾಗಿ ಓದಿದ್ದರೆ ‘2-ಸೆಪ್ಟೆಂಬರ್’ ಅನ್ನೋ ಜೀನ್ ಕಣ್ಣಿಗೆ ಬೀಳಬೇಕಿತ್ತು. ಈಗ ನೀವು ಚಾಟ್‌ಜಿಪಿಟಿಗೆ ರೆಫರೆನ್ಸ್ ಜೋಡಿಸು ಅಂತೀರಿ. ಅದು ಇಲ್ಲದ ಪೇಪರನ್ನ ವ್ಯಾಂಕೂವರ್ ಶೈಲಿಯಲ್ಲಿ, ಪುಟ ಸಂಖ್ಯೆ ಸಮೇತ ಹುಟ್ಟಿಸಿ ಕೊಡುತ್ತೆ.

ಮಗಳು: ಅದನ್ನ ನಾನು ಬಳಸಿದ್ದು ಇಂಗ್ಲಿಷ್ ತಿದ್ದೋಕೆ ಮಾತ್ರ. ಬಳಸಿದ್ದೀನಿ ಅಂತ ಕವರ್ ಲೆಟರ್‌ನಲ್ಲಿ ಹೇಳಿದ್ದೀನಿ. ಹೇಳಲೇಬೇಕು ಅಂತ ನಿಮ್ಮ ವ್ಯಾಂಕೂವರ್ ಗುಂಪೇ 2023ರಲ್ಲಿ ನಿಯಮ ಮಾಡಿದೆ.

ದೊಡ್ಡಪ್ಪ: ಆಯ್ತು, ಆ ಮೂವರ ವಿಷಯಕ್ಕೆ ಬಾ. ಅವರು ಯಾಕೆ ಬರಲಿಲ್ಲ?

ಮಗಳು: ಮೂವರೂ ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗೋರು. ಬೆಳಿಗ್ಗೆ ವ್ಯಾನ್ ಹತ್ತಿದರೆ ವಾಪಸ್ ಬರೋ ಹೊತ್ತಿಗೆ ಆರೋಗ್ಯ ಕೇಂದ್ರ ಬಾಗಿಲು ಹಾಕಿರುತ್ತೆ. ಒಂದು ಸಲಕ್ಕೆ ಇಷ್ಟೇ ದಿನದ ಮಾತ್ರೆ ಅಂತ ಕೊಡ್ತಾರೆ. ಮತ್ತೆ ತರೋಕೆ ರಜೆ ಹಾಕಬೇಕು. ರಜೆ ಹಾಕಿದರೆ ಆ ದಿನದ ಕೂಲಿ ಹೋಯ್ತು, ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಯ್ತು. ಒಬ್ಬಾಕೆ ಮಾತ್ರೆಯನ್ನ ಅರ್ಧ ಅರ್ಧ ಮುರಿದು ನುಂಗ್ತಿದ್ದಳು, ಬೇಗ ಮುಗಿಯದಿರಲಿ ಅಂತ. ನನ್ನ ಪ್ರಶ್ನಾವಳಿಯಲ್ಲಿ ‘ಮಾತ್ರೆ ತಗೊಳ್ತೀರಾ’ ಅನ್ನೋದಕ್ಕೆ ಹೌದು, ಇಲ್ಲ ಎರಡೇ ಉತ್ತರ. ಅರ್ಧ ನುಂಗೋಳನ್ನ ಎಲ್ಲಿ ಹಾಕಲಿ? ಡಿಸರ್ಟೇಶನ್‌ನಲ್ಲಿ ಇದನ್ನೆಲ್ಲ ಹತ್ತು ಹನ್ನೆರಡು ಪುಟ ಬರೆದಿದ್ದೆ. ಪೇಪರ್ ಮಾಡುವಾಗ ಮೊದಲು ಕತ್ತರಿ ಬಿದ್ದಿದ್ದೇ ಅದಕ್ಕೆ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ, ಈ ನಾಲ್ಕು ಕೋಣೆಯಲ್ಲಿ ಆಕೆಗೆ ಜಾಗ ಇಲ್ಲ.

ದೊಡ್ಡಪ್ಪ: ಇದೆ. ಹದಿಮೂರನೇ ಅಂಶ ಕೇಳ್ತಾ ಇರೋದು ಅದನ್ನೇ. ‘ಮೂವರು ಕೆಲಸದ ವೇಳೆಯ ಕಾರಣದಿಂದ ಮರುಭೇಟಿಗೆ ಬರಲಿಲ್ಲ’. ಬರೆದಿದ್ದರೆ ರಿವ್ಯೂವರ್ ಅಲ್ಲೇ ನಿಂತು ಕೇಳ್ತಿದ್ದ, ಬಂದವರಲ್ಲಿ ಇಂಥವರು ಎಷ್ಟು ಅಂತ. ನಿನ್ನ ಪೇಪರ್‌ನ ಮುಖ್ಯ ಮಾತೇ ಅದಾಗ್ತಿತ್ತೋ ಏನೋ. ಅದನ್ನ ನುಂಗಿಹಾಕಿದ್ದು ಫಾರ್ಮ್ಯಾಟ್ ಅಲ್ಲ, ಫಾರ್ಮ್ಯಾಟನ್ನ ಅರ್ಧ ಪಾಲಿಸಿದ್ದು.

ಮಗಳು: ಒಂದು ಸಾಲು ದೊಡ್ಡಪ್ಪ! ಅರ್ಧ ಮಾತ್ರೆಯವಳು ಆ ಸಾಲಿನಲ್ಲಿ ಎಲ್ಲಿ ಕಾಣ್ತಾಳೆ?

ದೊಡ್ಡಪ್ಪ: ಅದಕ್ಕೆ ಗುಣಾತ್ಮಕ ಅಧ್ಯಯನ ಅಂತ ಬೇರೆ ಪೇಪರ್ ಬರಿ. ಅದಕ್ಕೂ ಪಟ್ಟಿ ಇದೆ, ‘ಕೋರೆಕ್’, 32 ಅಂಶ.

ಮಗಳು: ನೋಡಿದ್ರಾ! ಫಾರ್ಮ್ಯಾಟ್ ಸಾಲದು ಅಂದರೆ ನಿಮ್ಮ ಪರಿಹಾರ ಇನ್ನೊಂದು ಫಾರ್ಮ್ಯಾಟು. ಅದನ್ನ ಓದೋರು ಮತ್ತೆ ನನ್ನಂಥ ನಾಲ್ಕು ಡಾಕ್ಟರು, ಇಂಗ್ಲಿಷಲ್ಲಿ. ಆಕೆ ನನಗೆ ಹೇಳಿದ್ದು ಕನ್ನಡದಲ್ಲಿ, ಹೆಬ್ಬೆಟ್ಟು ಒತ್ತಿದ್ದು ಕನ್ನಡದ ಸಮ್ಮತಿ ಪತ್ರಕ್ಕೆ. ಫಲಿತಾಂಶ ಮಾತ್ರ ಆಕೆಯ ಕಡೆ ಯಾವತ್ತೂ ಬರಲ್ಲ.

ದೊಡ್ಡಪ್ಪ: ಕನ್ನಡದಲ್ಲಿ ಬರಿ ಹಾಗಾದರೆ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ತಂದರು. ಬನಶಂಕರಿ 2ನೇ ಹಂತದಲ್ಲೇ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ, ‘ಬಾಲವಿಜ್ಞಾನ’ ತರ್ತಾರೆ. ನಿನ್ನ ಪಿಜಿಯಿಂದ ಒಂದು ಬಸ್ಸು. ಅಲ್ಲಿ ಸ್ಟ್ರೋಬೂ ಕೇಳಲ್ಲ, ಸಾಲಿನ ನಂಬರೂ ಕೇಳಲ್ಲ.

ಮಗಳು: ಪಾಯಿಂಟೂ ಕೊಡಲ್ಲ. ಅಸಿಸ್ಟೆಂಟ್ ಪ್ರೊಫೆಸರ್ ಇಂಟರ್‌ವ್ಯೂನಲ್ಲಿ ಕೇಳೋದು ‘ಇಂಡೆಕ್ಸ್ ಆದ ಜರ್ನಲ್‌ನಲ್ಲಿ ಎಷ್ಟು’ ಅಂತ.

ದೊಡ್ಡಪ್ಪ: ಎರಡೂ ಬರಿ.

ಮಗಳು: ಅದಕ್ಕೆ ಬೇಕಾದ ಆ ಹದಿನಾಲ್ಕು ಗಂಟೆ ನನಗೆ ವಾಪಸ್ ಕೊಡಿಸಿ, ಬರೀತೀನಿ.

ದೊಡ್ಡಪ್ಪ: ಏಳು ಅಂತ ಒಪ್ಪಿಕೊಂಡಿದ್ದೆ.

ಮಗಳು: ವಾದಕ್ಕೆ ಒಪ್ಪಿಕೊಂಡಿದ್ದು. ಮೂರು ಜರ್ನಲ್ ಸುತ್ತಿದರೆ ಎಷ್ಟಾಗುತ್ತೆ ನೀವೇ ಕೂಡಿ, ಕೂಡೋದರಲ್ಲಿ ನೀವು ಗಟ್ಟಿಗರಲ್ವಾ.

ಅಲ್ಲಿಗೆ ಒಳಗಿನಿಂದ ದೊಡ್ಡಮ್ಮ ಊಟಕ್ಕೆ ಕರೆದರು. ಇಬ್ಬರಲ್ಲಿ ಯಾರೂ ಸೋತಂತೆ ನನಗೆ ಕಾಣಲಿಲ್ಲ. ಓದುಗ ನಂಬಬೇಕಾದ ಅಂಕಿ, ರೋಗಿಯ ಸಮ್ಮತಿ, ಬಿಟ್ಟುಹೋದವರ ಲೆಕ್ಕ, ಇವುಗಳ ಖಾನೆ ತುಂಬದೆ ಯಾರೂ ಪೇಪರ್ ಕಳಿಸಬಾರದು ಎನ್ನುವಲ್ಲಿ ನಾನು ದೊಡ್ಡಪ್ಪನ ಕಡೆ. ಎಷ್ಟು ಲೇಖಕರ ನಂತರ ‘ಎಟ್ ಆಲ್’ ಬರಬೇಕೆಂಬುದನ್ನು ಒಪ್ಪಿಗೆಗೆ ಮೊದಲೇ ಕೇಳುವ ಜರ್ನಲ್‌ಗಳ ವಿಷಯದಲ್ಲಿ ಮಗಳ ಕಡೆ. ಅರ್ಧ ಮಾತ್ರೆ ನುಂಗುವವಳನ್ನು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಇಬ್ಬರ ಉತ್ತರವೂ ನನಗೆ ಸಾಲಲಿಲ್ಲ.

ಪೇಪರ್ ಈಗ ಇನ್ನೊಂದು ಜರ್ನಲ್‌ಗೆ ಹೋಗಿದೆ. ಸಾಲುಗಳಿಗೆ ನಂಬರ್ ಇದೆ, ಟೇಬಲ್ 2ರ ಕೆಳಗೆ ಮೂವರ ಬಗ್ಗೆ ಅಡಿಟಿಪ್ಪಣಿ ಇದೆ, ರೆಫರೆನ್ಸ್‌ಗಳು ಅವಳಿಗೆ ತೋಚಿದ ಶೈಲಿಯಲ್ಲೇ ಇವೆ. ಮೊದಲ ಸಲಕ್ಕೆ ಯಾವ ಶೈಲಿಯಾದರೂ ಆದೀತು ಎನ್ನುವ ಜರ್ನಲನ್ನೇ ಹುಡುಕಿ ಕಳಿಸಿದ್ದಾಳೆ. ಇದನ್ನು ಓದುತ್ತಿರುವ ಗೈಡ್‌ಗಳಲ್ಲಿ ಒಂದು ವಿನಂತಿ: ಸಹಿಗೆ ಬಂದ ಡಿಸರ್ಟೇಶನ್‌ನ ಮಾರ್ಜಿನ್ ಅಳೆಯುವ ಮುಂಚೆ ಟೇಬಲ್‌ಗಳನ್ನು ಒಮ್ಮೆ ಕೂಡಿ ನೋಡಿ.